ಪಹಣಿ ಫೋನಿಗೆ ಬಂತು, ತಿದ್ದುವ ಪೆನ್ನು ಎಲ್ಲಿಗೆ ಹೋಯಿತು?

ಸಾಫ್ಟ್‌ವೇರ್ ಬಗ್ಗೆ ಏನನ್ನಿಸುತ್ತದೆ ಎಂದು ಬೆಂಗಳೂರಿನಲ್ಲಿ ಕೇಳಿದರೆ ಯಾವ ಫೋನು ಚೆನ್ನಾಗಿದೆ, ಯಾವ ಆ್ಯಪ್ ವೇಗವಾಗಿದೆ ಅಂತ ಮಾತು ಶುರುವಾಗುತ್ತದೆ. ಮರಳವಾಡಿ ಕಡೆ ಅದೇ ಪ್ರಶ್ನೆ ಕೇಳಿದರೆ ಮಾತು ಸುತ್ತಿ ಬಳಸಿ ಪಹಣಿಗೆ ಬಂದು ನಿಲ್ಲುತ್ತದೆ. "ಈಗ ಪರವಾಗಿಲ್ಲ, ಫೋನಲ್ಲೇ ನೋಡ್ಕೋಬೋದು" ಅನ್ನುವವರಿದ್ದಾರೆ. "ಸರ್ವರ್ ಇಲ್ವಂತೆ, ನಾಳೆ ಬನ್ನಿ ಅಂದ್ರು" ಅಂತ ಬಸ್ಸು ಇಳಿಯುವವರಿದ್ದಾರೆ. "ಕಂಪ್ಯೂಟರ್‌ನಲ್ಲೇ ಹಂಗೆ ಬಂದದೆ, ಅವರೇನ್ ಮಾಡಕಾಯ್ತದೆ" ಅಂತ ಕೈಚೆಲ್ಲುವವರೂ ಇದ್ದಾರೆ. ನಮ್ಮ ಕಡೆ ಯಾವ ಕಂಪನಿಯ ಫೋನಿಗೂ ಇಷ್ಟು ವರ್ಷ ಬಾಳಿದ ಅಭಿಪ್ರಾಯಗಳಿಲ್ಲ. ಈ ಮಾತುಗಳೆಲ್ಲ ಎಲ್ಲಿಂದ ಬಂದವು ಎಂದು ಹುಡುಕಿಕೊಂಡು ನಾವು ಹಿಂದಕ್ಕೆ ಹೋದೆವು.

ಮೊದಲು ಆ ಪದವನ್ನೇ ನೋಡೋಣ. ಪಹಣಿ ಅನ್ನುವುದು ಮರಾಠಿ ಕಡೆಯಿಂದ ಬಂದ ಪದ. ಅಲ್ಲಿ 'ಪಾಹಣಿ' ಎಂದರೆ ನೋಡುವುದು, ಪರಿಶೀಲಿಸುವುದು. ಅಂದರೆ ಊರಿನ ಲೆಕ್ಕ ಬರೆಯುವವನು ಹೊಲಕ್ಕೆ ಹೋಗಿ, ಯಾರು ಉಳುತ್ತಿದ್ದಾರೆ, ಏನು ಬೆಳೆದಿದೆ ಎಂದು ಕಣ್ಣಾರೆ ನೋಡಿ ಬರೆಯಬೇಕು. ಕಾಗದಕ್ಕೆ ಆ ಹೆಸರು ಬಂದದ್ದು ನೋಡುವ ಕೆಲಸದಿಂದ. ಎಷ್ಟು ಜನ ನೋಡಿ ಬರೆದರು, ಎಷ್ಟು ಜನ ಜಗಲಿ ಮೇಲೆ ಕೂತು ಬರೆದರು ಅನ್ನುವುದು ಬೇರೆ ಮಾತು. ಹಳೇ ತಲೆಗಳನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.

ಆ ಕಾಲದಲ್ಲಿ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ಅಪ್ಪನಿಂದ ಮಗನಿಗೆ ಬರುತ್ತಿದ್ದ ಕೆಲಸ. ಪುಸ್ತಕ ಅವರ ಮನೆಯಲ್ಲೇ ಇರುತ್ತಿತ್ತು, ಓದಲು ಬರುತ್ತಿದ್ದವರೂ ಊರಲ್ಲಿ ಕೆಲವರೇ. 1961ರಲ್ಲಿ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆಯಾಯಿತು, 1963ರಲ್ಲಿ ಅದು ಜಾರಿಗೆ ಬಂತು. ಪಟೇಲರು, ಶಾನುಭೋಗರ ವಂಶಪಾರಂಪರ್ಯದ ಹಕ್ಕು ಹೋಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮೂರು ನಾಲ್ಕು ಊರಿಗೆ ಒಬ್ಬ ಲೆಕ್ಕಿಗ. ಪುಸ್ತಕ ಮನೆಯಿಂದ ಚೀಲಕ್ಕೆ ಬಂತು. ಪೆನ್ನು ಮಾತ್ರ ಆಗಲೂ ಒಬ್ಬರ ಕೈಯಲ್ಲೇ ಇತ್ತು.

ಆ ಪೆನ್ನಿಗೆ ಎಷ್ಟು ಶಕ್ತಿ ಇತ್ತು ಎಂಬುದಕ್ಕೆ ಪಹಣಿಯ 12ನೇ ಕಾಲಂ ಸಾಕು. ಸಾಗುವಳಿ ಮಾಡುವವರ ಹೆಸರು, ಬೆಳೆ ಬರೆಯುವ ಕಾಲಂ ಅದು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ತಾವು ಉಳುತ್ತಿದ್ದ ಹೊಲದ ಹಕ್ಕು ಕೇಳಬೇಕಿತ್ತು. ಅಲ್ಲಿ ದೊಡ್ಡ ಸಾಕ್ಷಿ ಎಂದರೆ ಈ ಕಾಲಂ. ಹತ್ತು ವರ್ಷದಿಂದ ಉತ್ತವನ ಹೆಸರು ಅಲ್ಲಿದ್ದರೆ ಅರ್ಧ ಕೇಸು ಗೆದ್ದ ಹಾಗೆ. ಅಲ್ಲಿ 'ಸ್ವಂತ' ಎಂದು ಜಮೀನ್ದಾರನ ಹೆಸರೇ ಇದ್ದರೆ, ಊರಿಗೆಲ್ಲ ಗೊತ್ತಿದ್ದ ಸತ್ಯವನ್ನೂ ಸಾಬೀತು ಮಾಡಲು ಒದ್ದಾಡಬೇಕು. ಒಂದು ಸಾಲಿನಲ್ಲಿ ಒಂದು ಹೆಸರು ಬರೆದರೋ ಇಲ್ಲವೋ ಎಂಬುದರ ಮೇಲೆ ಒಂದು ಮನೆ ಭೂಮಿ ಉಳಿಸಿಕೊಂಡಿತು, ಪಕ್ಕದ ಮನೆ ಕಳೆದುಕೊಂಡಿತು. ಪಹಣಿ ಎಂದರೆ ನಮ್ಮ ಹಿರಿಯರಿಗೆ ಈಗಲೂ ಒಂದು ಬಗೆಯ ಭಯ ಇರುವುದು ಸುಮ್ಮನೆ ಅಲ್ಲ.

ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯತ್ನ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ರೈತ ಹೋಗುವ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಇರಲಿಲ್ಲ. ಕೈಬರಹದ ಪಹಣಿಯೂ ನಡೆಯುತ್ತಲೇ ಇತ್ತು. ಎರಡು ಪುಸ್ತಕ ಇದ್ದರೆ ಯಾವುದು ನಿಜ? ಅದು ಅಲ್ಲಿಗೇ ನಿಂತಿತು.

ನಿಜವಾದ ಬದಲಾವಣೆ ತಂದದ್ದು 'ಭೂಮಿ'. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲ. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತರು, ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ. ಮೊದಲ ಪ್ರಯೋಗ ನಡೆದ ತಾಲ್ಲೂಕುಗಳಲ್ಲಿ ಚನ್ನಪಟ್ಟಣದ ಪಕ್ಕದ ಮದ್ದೂರೂ ಒಂದು. ಅಲ್ಲಿಂದ ರಾಜ್ಯದ 177 ತಾಲ್ಲೂಕುಗಳಿಗೆ ಹರಡಿತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ, ಸುಮಾರು 2 ಕೋಟಿ ಪಹಣಿಗಳನ್ನು ಕೀಲಿಮಣೆ ಒತ್ತಿ ಒಳಗೆ ಹಾಕಿದರು. ಅದೂ ಕನ್ನಡದಲ್ಲಿ. ಯೂನಿಕೋಡ್ ಇನ್ನೂ ನಮ್ಮ ಕಚೇರಿಗಳಿಗೆ ಬಂದಿರದ ಕಾಲ, ಪುಣೆಯ ಸಿ-ಡ್ಯಾಕ್‌ನವರ 'ಜಿಸ್ಟ್' ತಂತ್ರಾಂಶ ಇಟ್ಟುಕೊಂಡು ಕನ್ನಡ ಅಕ್ಷರ ಮೂಡಿಸಿದರು. ಊರಿನ ಎಷ್ಟೋ ಜನ ಕಂಪ್ಯೂಟರಿನಿಂದ ಬಂದ ಕನ್ನಡ ಅಕ್ಷರವನ್ನು ಮೊಟ್ಟಮೊದಲು ನೋಡಿದ್ದು ಪಹಣಿಯ ಮೇಲೆಯೇ. ಕನ್ನಡ ಕಂಪ್ಯೂಟರಿನ ಕಥೆ ಹೇಳುವವರು ಕವಿತೆ, ಪತ್ರಿಕೆ, ಕೀಲಿಮಣೆ ಎಂದೆಲ್ಲ ಹೇಳುತ್ತಾರೆ, ಇದನ್ನು ಬಿಟ್ಟುಬಿಡುತ್ತಾರೆ.

ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೌಂಟರಿನಲ್ಲಿ ಎರಡು ಪರದೆ. ಒಂದು ಒಳಗಿನವರಿಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆ ತಿರುಗಿಸಿ ಇಟ್ಟದ್ದು, ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೂ ಕಾಣಲಿ ಅಂತ. ನಮಗೆ ಇಡೀ ಯೋಜನೆಯಲ್ಲಿ ಬಹಳ ಇಷ್ಟವಾಗುವುದು ಈ ಎರಡನೇ ಪರದೆ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು, ಆದ್ದರಿಂದ ಯಾರು ಏನು ಮಾಡಿದರು ಎಂಬುದು ದಾಖಲಾಗುತ್ತಿತ್ತು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸಾಲಿನ ಪ್ರಕಾರವೇ ತೆಗೆದುಕೊಳ್ಳಬೇಕಿತ್ತು. ಇದೆಲ್ಲಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದು. ಒಂದು ತಾಲ್ಲೂಕಿನ ದಾಖಲೆ ಕಂಪ್ಯೂಟರಿಗೆ ಹೋದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಎಂದು ಸರ್ಕಾರ ಹೇಳಿತು. ಗುಲ್ಬರ್ಗಾದಲ್ಲಿ ಆಗದೇ ಇದ್ದದ್ದು ಇಲ್ಲಿ ಆದದ್ದು ಇದರಿಂದಲೇ.

2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್‌ನವರು ರೈತರನ್ನೇ ಕೇಳಿ ಒಂದು ಅಧ್ಯಯನ ಮಾಡಿದರು. ಹಳೇ ಪದ್ಧತಿಯಲ್ಲಿ ಲಂಚ ಕೊಡಬೇಕಾಗಿತ್ತು ಎಂದವರು 100ಕ್ಕೆ 66 ಜನ. ಭೂಮಿ ಕೌಂಟರಿನಲ್ಲಿ ಕೊಟ್ಟೆವು ಎಂದವರು 3. "ಕಂಪ್ಯೂಟರ್ ಬಂದಮೇಲೆ ಒಳ್ಳೇದಾಯ್ತು" ಎಂಬ ಮಾತು ಹುಟ್ಟಿದ್ದು ಇಲ್ಲಿ. ಅದು ಜಾಹೀರಾತಿನ ಮಾತಲ್ಲ, ಅನುಭವದ ಮಾತು.

ಆದರೆ ಅಧ್ಯಯನ ಕೇಳಿದ್ದು ಪಹಣಿ ಪಡೆಯುವ ಬಗ್ಗೆ. ಪಹಣಿಯಲ್ಲಿ ತಪ್ಪಿದ್ದರೆ ಏನು?

ಅದಕ್ಕೆ ಮುಂಚೆ ದೂರದ ಮಾತು. ಹಿಂದೆ ಲೆಕ್ಕಿಗರು ಊರಿಗೆ ಬರುತ್ತಿದ್ದರು, ಇಲ್ಲವೇ ಹೋಬಳಿಯಲ್ಲಿ ಸಿಗುತ್ತಿದ್ದರು. ಭೂಮಿ ಬಂದ ಮೇಲೆ ಮರಳವಾಡಿ ಹೋಬಳಿಯವರು ಒಂದು ಹಾಳೆಗೆ ಕನಕಪುರಕ್ಕೆ ಬಸ್ಸು ಹತ್ತಬೇಕಾಯಿತು. ಪಹಣಿಗೆ 15 ರೂಪಾಯಿ ನಿಜ, ಬಸ್ ಚಾರ್ಜು, ಒಂದು ದಿನದ ಕೂಲಿ, ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕಲು ಬೇರೆಯವರನ್ನು ಗೋಗರೆಯುವುದು, ಇವೆಲ್ಲ ಲೆಕ್ಕಕ್ಕೆ ಬರಲಿಲ್ಲ. ಇದನ್ನು ಸರಿಪಡಿಸಲು 2006ರಿಂದ ಹೋಬಳಿ ಮಟ್ಟದಲ್ಲಿ ಸುಮಾರು 800 ನೆಮ್ಮದಿ ಕೇಂದ್ರಗಳು ಬಂದವು, ಮುಂದೆ ಅವು ಹೋಗಿ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು, ಆಮೇಲೆ ಪಂಚಾಯಿತಿಯಲ್ಲಿ ಬಾಪೂಜಿ ಸೇವಾ ಕೇಂದ್ರಗಳು, ಈಗ ಫೋನು. ನೋಡುವ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ನಮ್ಮ ಅಂಗೈಗೆ ಇಳಿಯಿತು. ತಿದ್ದುವ ಕೆಲಸ ಹಾಗೆ ಇಳಿಯಲಿಲ್ಲ.

ಪಹಣಿಯ 3ನೇ ಕಾಲಂನಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತದೆ. 9ನೇ ಕಾಲಂನಲ್ಲಿ ಯಾರಿಗೆ ಎಷ್ಟು ಎಂಬುದು. ಎರಡೂ ಸಮ ಇರಬೇಕು. ಒಂದು ಸರ್ವೆ ನಂಬರು 4 ಎಕರೆ 10 ಗುಂಟೆ ಇದೆ ಎಂದಿಟ್ಟುಕೊಳ್ಳಿ. ಮೂವರು ಅಣ್ಣತಮ್ಮಂದಿರು ಭಾಗವಾದಾಗ ತಲಾ 1 ಎಕರೆ 20 ಗುಂಟೆ ಎಂದು ಲೆಕ್ಕಿಗರು ಬರೆದುಬಿಟ್ಟರು. ಕೂಡಿದರೆ 4 ಎಕರೆ 20 ಗುಂಟೆ. ಇಲ್ಲದ 10 ಗುಂಟೆ ಕಾಗದದಲ್ಲಿ ಹುಟ್ಟಿತು. ಪುಸ್ತಕದ ಕಾಲದಲ್ಲಿ ಇದು ಯಾರಿಗೂ ತೊಂದರೆ ಕೊಡಲಿಲ್ಲ. ಬದು ಎಲ್ಲಿದೆ ಎಂದು ಅಣ್ಣತಮ್ಮಂದಿರಿಗೆ ಗೊತ್ತು, ಊರಿಗೆ ಗೊತ್ತು. ಪುಸ್ತಕ ಕೂಡಿ ನೋಡುವುದಿಲ್ಲ.

ಕಂಪ್ಯೂಟರ್ ಕೂಡಿ ನೋಡುತ್ತದೆ. ಕೈಬರಹದಲ್ಲಿದ್ದದ್ದನ್ನು ಇದ್ದ ಹಾಗೇ ಒಳಗೆ ಹಾಕಿದ್ದರಿಂದ ಹಳೇ ತಪ್ಪೆಲ್ಲ ಅಚ್ಚುಕಟ್ಟಾಗಿ ಒಳಗೆ ಹೋಯಿತು, ಜೊತೆಗೆ ಟೈಪು ಮಾಡುವಾಗಿನ ಹೊಸ ತಪ್ಪುಗಳೂ ಸೇರಿದವು. ಮೂವತ್ತು ವರ್ಷದ ನಂತರ ಮೊಮ್ಮಗ ಮಾರಲೋ, ಭಾಗ ಮಾಡಿಕೊಳ್ಳಲೋ ಹೋದಾಗ '3 ಮತ್ತು 9 ತಾಳೆಯಾಗುತ್ತಿಲ್ಲ' ಎಂದು ಕೆಲಸ ನಿಲ್ಲುತ್ತದೆ. ತಪ್ಪು ಬರೆದವರು ನಿವೃತ್ತರಾಗಿ ಎಷ್ಟೋ ವರ್ಷ ಆಗಿರುತ್ತದೆ. ಅಲೆಯುವುದು ಮಾತ್ರ ಖಾತೆದಾರ. ತಹಸೀಲ್ದಾರರಿಗೆ ಅರ್ಜಿ, ಹಳೇ ದಾಖಲೆಯ ನಕಲು, ಅಳತೆ, ಕೆಲವು ಪ್ರಕರಣಗಳಲ್ಲಿ ಉಪವಿಭಾಗಾಧಿಕಾರಿ ಮುಂದೆ ವಾಯಿದೆ. ಸರ್ಕಾರವೂ ಇದನ್ನು ಬಲ್ಲದು, ಕಂದಾಯ ಅದಾಲತ್ ಮಾಡಿ ಇಂಥವನ್ನು ಊರ ಬಳಿಯೇ ಸರಿಪಡಿಸಲು ನೋಡಿದ್ದೂ ಇದೆ. ಆದರೂ ಈ ಎರಡು ಕಾಲಂಗಳ ಹೆಸರು ಗೊತ್ತಿಲ್ಲದ ರೈತ ಮನೆ ನಮ್ಮ ಕಡೆ ಕಡಿಮೆ.

ಹೆಸರಿನ ಕಥೆ ಇನ್ನೊಂದು. ಪಹಣಿಯಲ್ಲಿ 'ಕೆಂಪಯ್ಯ ಬಿನ್ ಮರಿಯಪ್ಪ' ಎಂದಿರುತ್ತದೆ, ಹೆಂಗಸರಾದರೆ ಗಂಡನ ಹೆಸರಿನ ಹಿಂದೆ 'ಕೋಂ'. ಆಧಾರಿನಲ್ಲಿ ಅವರೇ 'ಎಂ. ಕೆಂಪಯ್ಯ'. ಬ್ಯಾಂಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಬಗೆ. ಊರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು. ಮರಳವಾಡಿ ಎಂಬ ಹೆಸರಿಗೇ ಈ ಪಾಡು ತಪ್ಪಿಲ್ಲ. ಕನ್ನಡದಲ್ಲಿ ಒಂದೇ ಬಗೆ, ಇಂಗ್ಲಿಷಿನಲ್ಲಿ ಒಬ್ಬರು 'ವಿ' ಹಾಕುತ್ತಾರೆ, ಇನ್ನೊಬ್ಬರು 'ಡಬ್ಲ್ಯು'. ಇದರ ಮೇಲೆ ಜಿಲ್ಲೆಯ ಹೆಸರು. 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ತಾಲ್ಲೂಕೂ ಕನಕಪುರ ಹೋಗಿ ಹಾರೋಹಳ್ಳಿ ಆಯಿತು. ಮನೆ ಬಿಟ್ಟು ಒಂದು ಹೆಜ್ಜೆ ಇಡದವರ ವಿಳಾಸ ಇಷ್ಟು ಸಲ ಬದಲಾಗಿದೆ. ಪ್ರತಿ ಸಲವೂ ಯಾವುದೋ ಒಂದು ಆ್ಯಪಿನಲ್ಲಿ ಹಳೇ ಜಿಲ್ಲೆ ಆರಿಸಬೇಕೋ ಹೊಸದೋ ಎಂದು ತಲೆ ಕೆರೆದುಕೊಳ್ಳಬೇಕು.

2007ರಲ್ಲಿ ಸಾಲೊಮನ್ ಬೆಂಜಮಿನ್, ಆರ್. ಭುವನೇಶ್ವರಿ ಮತ್ತು ಜೊತೆಗಾರರು ಭೂಮಿ ಯೋಜನೆ ಬಗ್ಗೆ ಖಾರವಾದ ಒಂದು ಅಧ್ಯಯನ ಬರೆದರು. ಅವರು ನೋಡಿದ್ದು ಬೆಂಗಳೂರಿನ ಸುತ್ತಮುತ್ತ. ಲಂಚ ಹೋಗಲಿಲ್ಲ, ಜಾಗ ಬದಲಾಯಿತು, ಮೊತ್ತ ದೊಡ್ಡದಾಯಿತು ಎಂಬುದು ಅವರ ವಾದ. ಅಧಿಕಾರ ಊರಿನಿಂದ ಮೇಲಕ್ಕೆ ಹೋದಾಗ ಮೇಲೆ ಓಡಾಡಬಲ್ಲ ದೊಡ್ಡ ಜಮೀನು ವ್ಯವಹಾರಸ್ಥರಿಗೆ ಅನುಕೂಲವಾಯಿತು, ಸಣ್ಣ ರೈತನಿಗೆ ಊರಲ್ಲಿ ಜಗಳವಾಡಿಯಾದರೂ ಸರಿಪಡಿಸಿಕೊಳ್ಳುವ ದಾರಿ ಮುಚ್ಚಿತು ಎಂದರು. 2002ರ ಅಧ್ಯಯನಕ್ಕೂ ಇದಕ್ಕೂ ಹೊಂದುವುದೇ ಇಲ್ಲ ಎಂದು ಕಾಣಬಹುದು. ನಮಗೆ ಹಾಗನ್ನಿಸುವುದಿಲ್ಲ. ಒಂದು ಅಧ್ಯಯನ ಹಾಳೆ ತೆಗೆದುಕೊಳ್ಳುವವರನ್ನು ಕೇಳಿತು, ಇನ್ನೊಂದು ಹಾಳೆಯಲ್ಲಿರುವುದನ್ನು ಬದಲಿಸುವವರನ್ನು ನೋಡಿತು. ಎರಡೂ ನಿಜ. ಹಾರೋಹಳ್ಳಿ ಕೈಗಾರಿಕಾ ಪ್ರದೇಶ ಬಂದ ಮೇಲೆ, ಕನಕಪುರ ರಸ್ತೆಯುದ್ದಕ್ಕೂ ಎಕರೆ ಲೆಕ್ಕ ಹೋಗಿ ಗುಂಟೆ ಲೆಕ್ಕ, ಅಡಿ ಲೆಕ್ಕದ ವ್ಯಾಪಾರ ಶುರುವಾದ ಮೇಲೆ, ಈ ವ್ಯತ್ಯಾಸ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಕಾನೂನಿನ ಒಂದು ಮಾತನ್ನೂ ಹೇಳಬೇಕು. ಪಹಣಿಯಲ್ಲಿ ಹೆಸರಿದ್ದರೆ ಭೂಮಿ ನಮ್ಮದೇ ಎಂದು ಸರ್ಕಾರ ಖಾತ್ರಿ ಕೊಟ್ಟಂತೆ ಅಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುವುದು ಇಷ್ಟೇ: ಬೇರೆ ರೀತಿ ಸಾಬೀತಾಗುವವರೆಗೆ ಅಲ್ಲಿ ಬರೆದದ್ದು ನಿಜ ಎಂದು ಭಾವಿಸಬೇಕು. ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ 1858ರಲ್ಲೇ ರಾಬರ್ಟ್ ಟೊರೆನ್ಸ್ ಎಂಬಾತ ಬೇರೆ ಪದ್ಧತಿ ತಂದ. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಇರುವುದೇ ಹಕ್ಕು, ಪುಸ್ತಕದ ತಪ್ಪಿನಿಂದ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಲು ನಿಧಿಯೇ ಇದೆ. ಕಂಪ್ಯೂಟರ್ ಇಲ್ಲದ ಕಾಲದ ಮಾತು ಇದು. ನಮ್ಮಲ್ಲಿ ಕಂಪ್ಯೂಟರ್ ಬಂತು, ತಪ್ಪಿನ ಹೊಣೆ ಹೊರುವ ಪದ್ಧತಿ ಇನ್ನೂ ಬಂದಿಲ್ಲ.

'ಸರ್ವರ್ ಇಲ್ಲ' ಎಂಬ ಮಾತು ಸ್ವಲ್ಪ ತಡವಾಗಿ ಬಂತು. ಭೂಮಿ ಶುರುವಾದಾಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು. ಕರೆಂಟು ಇದ್ದರೆ ಪಹಣಿ ಇತ್ತು. ಮುಂದೆ ಎಲ್ಲವೂ ಬೆಂಗಳೂರಿನ ಒಂದೇ ಕಡೆಗೆ ಹೋಗಿ, ಅಲ್ಲಿಂದ ಜಾಲದ ಮೂಲಕ ಬರತೊಡಗಿದ ಮೇಲೆ, ನಡುವೆ ಎಲ್ಲಿ ಏನು ಕೆಟ್ಟರೂ ಕೌಂಟರಿನಲ್ಲಿ ಒಂದೇ ಉತ್ತರ. ಹಿಂದೆ 'ಶಾನುಭೋಗರು ಊರಲ್ಲಿಲ್ಲ' ಎನ್ನುತ್ತಿದ್ದರು. ಆದರೆ ಶಾನುಭೋಗರ ಮನೆ ಎಲ್ಲರಿಗೂ ಗೊತ್ತಿತ್ತು, ಇದ್ದಾರೋ ಇಲ್ಲವೋ ಹೋಗಿ ನೋಡಬಹುದಿತ್ತು. ಸರ್ವರ್ ಮನೆ ಯಾರಿಗೆ ಗೊತ್ತು?

ಈಗ ಫೋನಿನ ಕಾಲ. 'ದಿಶಾಂಕ್' ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಅದು ಯಾವ ಸರ್ವೆ ನಂಬರು ಎಂದು ತೋರಿಸುತ್ತದೆ. ಇದನ್ನು ಹೊಗಳದವರೇ ಇಲ್ಲ, ನಾವೂ ಹೊಗಳುತ್ತೇವೆ. ಆದರೆ ಅದನ್ನು ಹಿಡಿದುಕೊಂಡು ಬದು ಎಲ್ಲಿ ಎಂದು ಜಗಳಕ್ಕೆ ನಿಲ್ಲಬಾರದು. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. 5 ಮೀಟರ್ ಎಂದರೆ ಸುಮಾರು 16 ಅಡಿ. ಒಂದು ಗುಂಟೆಯ ಬದಿ 33 ಅಡಿ. ಅಂದರೆ ಅರ್ಧ ಗುಂಟೆಯ ಅಗಲ ಫೋನಿನ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಬದಿನ ಮಾತಿಗೆ ಸರ್ವೆಯವರೇ ಬರಬೇಕು.

ಬೆಳೆ ನೋಡುವ ಕೆಲಸವೂ ಫೋನಿಗೆ ಬಂತು. ಖಾಸಗಿ ನಿವಾಸಿಗಳೆಂದು ಊರಿನ ಹುಡುಗರನ್ನೇ ನೇಮಿಸಿ ಹೊಲ ಹೊಲದಲ್ಲೂ ಫೋಟೋ ತೆಗೆಸುತ್ತಾರೆ. 2020ರಲ್ಲಿ, ಕೊರೊನಾ ವರ್ಷದಲ್ಲಿ, ರೈತರೇ ಆ್ಯಪಿನಲ್ಲಿ ತಮ್ಮ ಬೆಳೆಯ ಫೋಟೋ ಹಾಕಬಹುದು ಎಂದೂ ಆಯಿತು. ಶಾನುಭೋಗರ ಕಾಲದಿಂದ ಯೋಚಿಸಿದರೆ ಇದು ಸಣ್ಣ ಮಾತಲ್ಲ. ತನ್ನ ಹೊಲದ ಪಹಣಿಯನ್ನು, ಅಂದರೆ ನೋಡುವ ಕೆಲಸವನ್ನು, ರೈತನೇ ಮಾಡುವ ದಿನ ಬಂತು.

ಅದರ ಬೆಲೆಯೂ ಹೆಚ್ಚಿತು. ರಾಗಿಯನ್ನು ಬೆಂಬಲ ಬೆಲೆಗೆ ಮಾರಬೇಕಾದರೆ 'ಫ್ರೂಟ್ಸ್' ಐಡಿ ಬೇಕು, ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನ ಎದುರು ರಾಗಿ ಎಂದೇ ಇರಬೇಕು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಸಮೀಕ್ಷೆಯಲ್ಲಿ ಯಾರೋ ಅವಸರದಲ್ಲಿ ಪಕ್ಕದ ಹೊಲದ ಹಿಪ್ಪುನೇರಳೆಯನ್ನೇ ಒತ್ತಿಬಿಟ್ಟರೆ, ಕಣದಲ್ಲಿ ರಾಗಿ ರಾಶಿ ಇದ್ದರೂ ಖರೀದಿ ಕೇಂದ್ರದಲ್ಲಿ ಆ ರಾಗಿ ಇಲ್ಲ. ಹಳೇ 12ನೇ ಕಾಲಮ್ಮಿನ ಮಾತೇ ಹೊಸ ಅಂಗಿ ಹಾಕಿಕೊಂಡು ಬಂದಿದೆ.

ಕೌಂಟರಿನ ಒಳಗಿರುವವರು ಏನನ್ನುತ್ತಾರೆ ಎಂಬುದನ್ನೂ ಕೇಳಬೇಕು. ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತಾಧಿಕಾರಿಗಳು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತರು. ಅವರ ಮುಖ್ಯ ದೂರುಗಳಲ್ಲಿ ಒಂದು ಆ್ಯಪ್‌ಗಳೇ. ಒಂದರ ಮೇಲೊಂದು ಆ್ಯಪ್ ಕೊಡುತ್ತಾರೆ, ಅದಕ್ಕೆ ತಕ್ಕ ಫೋನು, ಲ್ಯಾಪ್‌ಟಾಪು ಕೊಡುವುದಿಲ್ಲ, ದಿನಕ್ಕೆ ಇಷ್ಟು ಮುಗಿಸಿ ಎಂದು ಒತ್ತಡ ಹಾಕುತ್ತಾರೆ ಎಂದರು. ಪಹಣಿಗೆ ಆಧಾರ್ ಜೋಡಿಸುವ ಕೆಲಸ, ಹಳೇ ದಾಖಲೆ ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕೆಲಸ ಎಲ್ಲವೂ ಅದೇ ವರ್ಷ ಭರದಿಂದ ನಡೆಯುತ್ತಿತ್ತು. ಒಂದು ಕಾಲದಲ್ಲಿ ಊರು ಹೆದರುತ್ತಿದ್ದ ಪೆನ್ನು ಹಿಡಿದವರೇ ಸಾಫ್ಟ್‌ವೇರ್ ಕಾಟಕ್ಕೆ ಬೀದಿಗೆ ಬಂದರು. 'ಕಂಪ್ಯೂಟರ್‌ನಲ್ಲೇ ಹಂಗೆ ಬಂದದೆ, ಅವರೇನ್ ಮಾಡಕಾಯ್ತದೆ' ಎಂಬ ಮಾತಿನಲ್ಲಿ ಅರ್ಧ ಸತ್ಯ ಇರುವುದು ಇಲ್ಲಿ. ಪೆನ್ನು ಅವರ ಕೈಯಲ್ಲೂ ಪೂರ್ತಿ ಉಳಿದಿಲ್ಲ.

ಹಾಗಾಗಿ ಹೊಸ ಆ್ಯಪ್ ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ. ಇದರಲ್ಲಿ ತಪ್ಪು ಬಂದರೆ ತಿದ್ದಿಸಲು ಎಷ್ಟು ದೂರ ಹೋಗಬೇಕು? ಪಹಣಿಯ 3 ಮತ್ತು 9ರ ವಿಷಯದಲ್ಲಿ ಉತ್ತರ ಈಗಲೂ ತಾಲ್ಲೂಕು ಕಚೇರಿ, ಕೆಲವೊಮ್ಮೆ ಅದರಾಚೆ. ಬೆಳೆಯ ವಿಷಯದಲ್ಲಿ ಮಾತ್ರ ಉತ್ತರ ಹತ್ತಿರವಿದೆ. 'ಬೆಳೆ ದರ್ಶಕ್' ಎಂಬ ಆ್ಯಪಿನಲ್ಲಿ ಸರ್ವೆ ನಂಬರು ಹಾಕಿದರೆ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ, ಯಾವ ಫೋಟೋ ಹಾಕಿದ್ದಾರೆ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದನ್ನು ಪೈರು ಹೊಲದಲ್ಲಿ ನಿಂತಿರುವಾಗಲೇ ಮಾಡಬೇಕು. ಕೊಯ್ದು ಮೆದೆ ಒಟ್ಟಿದ ಮೇಲೆ ಫೋಟೋ ತೆಗೆಯಲು ಅಲ್ಲಿ ಕೂಳೆ ಬಿಟ್ಟು ಏನೂ ಇರುವುದಿಲ್ಲ.